ಕನಕಾಂಬರದ ದಾರಿ: ಕಡ್ಡಿ ತನ್ನಿ, ಮಣ್ಣು ತರಬೇಡಿ

ಈ ಸಲದ ಟಿಪ್ಪಣಿ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಮುಂಗಾರು ಹಿಡಿದ ಕೂಡಲೇ ನಮ್ಮ ಪೂರ್ವದ ಕಡೆ ಕನಕಾಂಬರದ ಹೊಸ ಮಡಿ ಹಾಕೋ ಕೆಲಸ ಶುರುವಾಗುತ್ತೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, "ಯಾರ ತೋಟದಿಂದ ಗಿಡ ತರೋಣ?" ಈ ಪ್ರಶ್ನೆಗೆ ಉತ್ತರ ಹುಡುಕೋ ಮೊದಲು ಗಿಡದ ಚರಿತ್ರೆ ಸ್ವಲ್ಪ ತಿಳ್ಕೊಳ್ಳೋದು ಒಳ್ಳೇದು. ಚೆನ್ನಾಗಿ ಹೂ ಬಿಡ್ತಿದ್ದ ಮಡಿ ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ ತೇಪೆ ತೇಪೆಯಾಗಿ ಒಣಗ್ತಾ ಹೋಗುತ್ತಲ್ಲ, ಅದರ ಕಾರಣ ಬಹುಪಾಲು ಈ ಚರಿತ್ರೆಯೊಳಗೇ ಇದೆ.

ಮೊದಲು, ಈ ಗಿಡ ಎಲ್ಲಿಯದು?

ನಾವು ಬೆಳೆಯೋ ಹೂವುಗಳಲ್ಲಿ ಹೊರಗಿಂದ ಬಂದವು ತುಂಬಾ ಇವೆ. ಚೆಂಡು ಹೂವು ಮೆಕ್ಸಿಕೋ ಕಡೆಯದು. ಸೇವಂತಿಗೆ ಮೂಲ ಚೀನಾ. ಕನಕಾಂಬರ ಹಾಗಲ್ಲ. ದಕ್ಷಿಣ ಭಾರತ, ಶ್ರೀಲಂಕಾಗಳೇ ಇದರ ತವರು. ಮರಗಳ ಕೆಳಗಿನ ಅರೆನೆರಳಿಗೆ ಒಗ್ಗಿದ ಪೊದೆ ಇದು. ಅದಕ್ಕೇ ತೆಂಗಿನ ಸಾಲಿನ ಮಧ್ಯೆ ಹಾಕಿದ್ರೂ ಬೇಜಾರು ಮಾಡ್ಕೊಳ್ಳಲ್ಲ. ಕರಾವಳಿಯಲ್ಲಿ ಇದನ್ನ ಅಬ್ಬಲಿಗೆ ಅಂತಾರೆ, ಕೊಂಕಣಿ, ಮರಾಠಿಯಲ್ಲಿ ಅಬೋಲಿ. ನಮಗೆ ಚಿನ್ನದ ಬಟ್ಟೆ ಅನ್ನೋ ಅರ್ಥದ ಕನಕಾಂಬರ.

ಯುರೋಪಿನವರ ಪುಸ್ತಕಕ್ಕೆ ಇದು ಸೇರಿದ್ದು 1759ರಲ್ಲಿ. ಸ್ವೀಡನ್ನಿನ ಲಿನೇಯಸ್ ಇದನ್ನ ಆಡುಸೋಗೆಯ ನೆಂಟ ಅಂತ ಗುರುತಿಸಿ ಜಸ್ಟಿಸಿಯಾ ಜಾತಿಗೆ ಸೇರಿಸಿದ. 1805ರಲ್ಲಿ ಸ್ಯಾಲಿಸ್ಬರಿ ಅನ್ನೋ ಇಂಗ್ಲಿಷ್ ಸಸ್ಯಶಾಸ್ತ್ರಿ ಲಂಡನ್ನಿನ ಒಂದು ಚಿತ್ರ ಪುಸ್ತಕದಲ್ಲಿ ಇದಕ್ಕೆ ಕ್ರಾಸಾಂಡ್ರ ಅಂತ ಬೇರೆ ಹೆಸರೇ ಕೊಟ್ಟ. ಹೂವಿನ ಗಂಡು ಭಾಗಕ್ಕೆ ಕುಚ್ಚು ಕುಚ್ಚಾದ ಅಂಚು ಇರೋದ್ರಿಂದ ಆ ಹೆಸರು. ಆಮೇಲೆ ಸ್ವೀಡನ್ನಿನಲ್ಲೇ ಇದರಿಂದ ಮೋನಾ ವಾಲ್‌ಹೆಡ್ ಅನ್ನೋ ಗಿಡ್ಡ ತಳಿ ಬಂತು. ಅಲ್ಲಿನವರು ಅದನ್ನ ಕಿಟಕಿ ಪಕ್ಕ ಕುಂಡದಲ್ಲಿಟ್ಟು ನೋಡಿ ಖುಷಿಪಟ್ರು. ನಮ್ಮ ಹೆಣ್ಮಕ್ಕಳಿಗೆ ಮಾತ್ರ ಇದು ಮುಡಿಯೋ ಹೂವು. ವಾಸನೆ ಇಲ್ಲ, ಆದ್ರೆ ಬೇಗ ಬಾಡಲ್ಲ, ಭಾರ ಇಲ್ಲ. ಒಂದು ಕೆಜಿಗೆ ಸುಮಾರು 15,000 ಹೂ ಬೇಕು! ಮಲ್ಲಿಗೆ ಜೊತೆ ಕಟ್ಟಿದ್ರೆ ಮಲ್ಲಿಗೆಯದು ಪರಿಮಳ, ಇದರದ್ದು ಬಣ್ಣ.

ಬೀಜದ ಕಾಲ

ನಾಟಿ ಕನಕಾಂಬರ ಬೀಜದ ಗಿಡ. ತೆನೆ ಒಣಗಿದ ಮೇಲೆ ಒಳಗಿನ ಕಾಯಿಗೆ ಒಂದು ಹನಿ ನೀರು ಬಿದ್ರೆ ಸಾಕು, ಪಟ್ ಅಂತ ಸಿಡಿದು ಬೀಜ ದೂರ ಹಾರುತ್ತೆ. ಮಕ್ಕಳಿಗೆ ಆಟ, ಗಿಡಕ್ಕೆ ಅದು ಬದುಕೋ ಉಪಾಯ. ಮಳೆ ಬಂದಾಗಲೇ ಸಿಡೀಬೇಕು, ಆಗ ಬಿದ್ದ ಬೀಜಕ್ಕೆ ಮೊಳೆಯೋಕೆ ತೇವ ಇರುತ್ತೆ. ಅದಕ್ಕೇ ಹಳೇ ಮಡಿಯಲ್ಲಿ ನಾವು ಬಿತ್ತದಿದ್ರೂ ಸಸಿಗಳು ತಾವಾಗೇ ಎದ್ದಿರ್ತವೆ.

ಬೀಜದ ದಾರಿಯಲ್ಲಿ ಎರಡು ಗುಣ ಇವೆ. ಒಂದು, ಬೀಜ ಕೈಯಿಂದ ಕೈಗೆ ಹೋದಾಗ ಅದರ ಜೊತೆ ಮಣ್ಣು ಹೋಗಲ್ಲ. ಇನ್ನೊಂದು, ಬೀಜದ ಗಿಡಗಳು ಒಂದರಂತೆ ಇನ್ನೊಂದು ಪೂರ್ತಿ ಇರಲ್ಲ. ಒಂದು ಸ್ವಲ್ಪ ಎತ್ತರ, ಒಂದರ ಬಣ್ಣ ತಿಳಿ, ಒಂದು ರೋಗಕ್ಕೆ ಬಗ್ಗುತ್ತೆ, ಒಂದು ತಡ್ಕೊಳ್ಳುತ್ತೆ. ಮಾರುಕಟ್ಟೆ ಲೆಕ್ಕದಲ್ಲಿ ಇದು ದೋಷ. ತೋಟದ ಲೆಕ್ಕದಲ್ಲಿ ಇದೇ ವಿಮೆ.

ಊರು ಬೆಳೀತು, ಹೂವು ಪೂರ್ವಕ್ಕೆ ಸರೀತು

ಈಗ ನಮ್ಮ ರಸ್ತೆಯ ಕಥೆಗೆ ಬರೋಣ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂತು. ಹಲಸೂರು ಕೆರೆ ಆಚೀಚೆ ಕಂಟೋನ್ಮೆಂಟ್ ಬೆಳೀತು. ಪಲ್ಟನ್ ಹಿಂದೆ ತಮಿಳು ಮಾತಾಡೋ ಜನ ಸಾವಿರಾರು ಸಂಖ್ಯೆಯಲ್ಲಿ ಬಂದು ನೆಲೆಸಿದ್ರು. ದಿನಾ ಹೂ ಮುಡಿಯೋ ಮನೆಗಳು, ದಿನಾ ಹೂ ಬೇಡೋ ಗುಡಿಗಳು ಹೆಚ್ಚಾದವು. ಹಲಸೂರು ಸೋಮೇಶ್ವರನ ಹೂವಿನ ಪಲ್ಲಕ್ಕಿಗಳನ್ನ ನೋಡಿದವರಿಗೆ ಈ ಕಡೆ ಹೂವಿಗೆ ಎಷ್ಟು ಬೆಲೆ ಅಂತ ಹೇಳೋದೇ ಬೇಡ. ಇತ್ತ ಪೇಟೆಯಲ್ಲಿ ತೋಟಗಾರಿಕೆಯೇ ಕುಲಕಸುಬಾದ ತಿಗಳರು ಇದ್ರು, ಅವರ ಕರಗ ಹೊರೋದೇ ಮಲ್ಲಿಗೆಯ ರಾಶಿ ಹೊದ್ದು.

1864ರಲ್ಲಿ ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ರೈಲು ಬಂತು. ಆ ಹಳಿ ಬೈಯಪ್ಪನಹಳ್ಳಿ, ಕೆ.ಆರ್. ಪುರ, ಮಾಲೂರು, ಬಂಗಾರಪೇಟೆ ದಾಟಿ ಹೋಗುತ್ತೆ. ಪಕ್ಕದಲ್ಲೇ ಹಳೇ ಮದ್ರಾಸ್ ರಸ್ತೆ, ಹಲಸೂರಿಂದ ಹೊಸಕೋಟೆಗೆ, ಕೋಲಾರಕ್ಕೆ. 1927ರಲ್ಲಿ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಟ್ಟಿದ್ರು. ಹೀಗೆ ರಸ್ತೆ, ರೈಲು, ಸಂತೆ ಮೂರೂ ಪೂರ್ವದ ರೈತನಿಗೆ ಹತ್ತಿರ ಆದವು. ಕನಕಾಂಬರದಂಥ ಹಗುರ ಹೂವಿಗೆ ಒಂದು ಬುಟ್ಟಿ, ಒಂದು ಒದ್ದೆ ಬಟ್ಟೆ ಇದ್ರೆ ಸಾಕಲ್ಲ.

ಆದ್ರೆ ಸಂತೆ ಹತ್ತಿರ ಬಂದ ದಾರಿಯಲ್ಲೇ ಊರೂ ಬಂತು. ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕಗ್ಗದಾಸಪುರ, ಹೆಸರಲ್ಲೇ ಗೊತ್ತಾಗುತ್ತೆ ಇವೆಲ್ಲ ಹೊಲ, ಕೆರೆ ಇದ್ದ ಊರುಗಳು ಅಂತ. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ದೂರವಾಣಿನಗರದ ಐಟಿಐ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಇಂದಿರಾನಗರ ಬಡಾವಣೆ ಆಯ್ತು. 2011ರ ಅಕ್ಟೋಬರ್ 20ಕ್ಕೆ ನಮ್ಮ ಮೆಟ್ರೋದ ಮೊದಲ ರೈಲು ಓಡಿದ್ದೂ ಬೈಯಪ್ಪನಹಳ್ಳಿಗೇ. 2022ರಲ್ಲಿ ಅಲ್ಲೇ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯ್ತು. 2023ರಲ್ಲಿ ಮೆಟ್ರೋ ಕೆ.ಆರ್. ಪುರಕ್ಕೂ ಕೂಡ್ತು.

ಇದರಲ್ಲಿ ಸರಿ ತಪ್ಪು ಹೇಳೋಕೆ ಹೊರಟಿಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಊರು ಒತ್ತಿದಂತೆಲ್ಲ ತೋಟ ಹೊಸಕೋಟೆ, ಮಾಲೂರು, ಕೋಲಾರದ ಕಡೆ ಸರೀತಾ ಬಂತು. ತೋಟ ಸರಿಯುವಾಗ ರೈತ ಭೂಮಿ ಹೊತ್ಕೊಂಡು ಹೋಗೋಕಾಗಲ್ಲ, ಗಿಡ ಹೊತ್ಕೊಂಡು ಹೋಗ್ತಾನೆ. ಆ ಗಿಡ ಬೀಜದ ರೂಪದಲ್ಲಿ ಹೋಯ್ತಾ, ಬೇರಿನ ಸಮೇತ ಹೋಯ್ತಾ ಅನ್ನೋದೇ ಮುಂದಿನ ಕಥೆ.

ಡೆಲ್ಲಿ ಕನಕಾಂಬರ ಬಂದ ಮೇಲೆ

ಈಗ ಮಡಿಗಳಲ್ಲಿ ಹೆಚ್ಚಾಗಿ ಇರೋದು ಡೆಲ್ಲಿ ಕನಕಾಂಬರ. ಹೆಸರು ದಿಲ್ಲಿಯದು, ಬಾಳು ಪೂರ್ತಿ ದಕ್ಷಿಣದ್ದು. ಹೂ ದೊಡ್ಡದು, ಬಣ್ಣ ಗಾಢ, ಮಡಿಗೆ ಮಡಿಯೇ ಒಂದೇ ಸಮ. ಇಳುವರಿಯೂ ಜಾಸ್ತಿ. ಬೇಸಾಯ ಪುಸ್ತಕಗಳ ಲೆಕ್ಕ ತಗೊಂಡ್ರೆ ವರ್ಷಕ್ಕೆ ಎಕರೆಗೆ ನಾಟಿ ಕಿತ್ತಳೆ ತಳಿ ಸುಮಾರು 800 ಕೆಜಿ ಕೊಟ್ರೆ ಡೆಲ್ಲಿ 1,100 ಕೆಜಿ ಹತ್ತಿರ. ವರಮಹಾಲಕ್ಷ್ಮಿ ಹಬ್ಬದಲ್ಲಿ ಕೆಜಿ ಸಾವಿರ ದಾಟೋ ಹೂವಿಗೆ 300 ಕೆಜಿ ವ್ಯತ್ಯಾಸ ಅಂದ್ರೆ ಸಣ್ಣ ಮಾತಲ್ಲ. ರೈತರು ಡೆಲ್ಲಿ ಹಿಡಿದಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಆದ್ರೆ ಡೆಲ್ಲಿಗೆ ಬೀಜ ಕಟ್ಟಲ್ಲ. ಅದು ಟ್ರಿಪ್ಲಾಯ್ಡ್. ಅಂದ್ರೆ ವಂಶವಾಹಿ ಎಳೆಗಳು ಎರಡು ಜೊತೆ ಇರೋ ಕಡೆ ಮೂರು ಇವೆ. ಬೀಜ ಕಟ್ಟೋವಾಗ ಎಳೆಗಳು ಸರಿಯಾಗಿ ಜೋಡಿ ಆಗ್ಬೇಕು, ಮೂರು ಇದ್ರೆ ಒಂದು ಯಾವಾಗ್ಲೂ ಉಳಿದೇ ಹೋಗುತ್ತೆ. ಪಚ್ಚಬಾಳೆಯಲ್ಲಿ ಬೀಜ ಇಲ್ಲದಿರೋದೂ ಇದೇ ಕಾರಣಕ್ಕೆ. ಹಾಗಾಗಿ ಡೆಲ್ಲಿಯನ್ನ ಕಡ್ಡಿಯಿಂದಲೋ, ಬೇರು ಬಿಟ್ಟ ರೆಂಬೆಯಿಂದಲೋ ಮಾಡ್ಬೇಕು. ಪಕ್ಕದ ತೋಟದ ಗಿಡ, ನಿಮ್ಮ ತೋಟದ ಗಿಡ, ಮಾಲೂರಿನ ಗಿಡ, ಎಲ್ಲಾ ಒಂದೇ ಗಿಡದ ತುಂಡುಗಳು. ಒಂದನ್ನ ಕೊಲ್ಲೋ ರೋಗ ಎಲ್ಲವನ್ನೂ ಕೊಲ್ಲುತ್ತೆ.

ಆ ರೋಗ ಯಾವುದು ಅಂತ ಹುಡುಕಿದ ಕೆಲಸ 1970ರ ದಶಕದಲ್ಲೇ ಕೊಯಮತ್ತೂರು ಕಡೆ ಆಯ್ತು. ಕಾರಣ ಒಂದಲ್ಲ, ಎರಡು. ಮೊದಲು ಪ್ರಾಟಿಲೆಂಕಸ್ ಅನ್ನೋ ಕಣ್ಣಿಗೆ ಕಾಣದ ಜಂತುಹುಳು ಬೇರಿನೊಳಗೆ ಹೊಕ್ಕು ಗಾಯ ಮಾಡುತ್ತೆ. ಆ ಗಾಯದ ದಾರಿಯಲ್ಲಿ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಒಳಗೆ ಬಂದು ಗಿಡ ಸೊರಗಿಸುತ್ತೆ. ಮೇಲೆ ನೋಡಿದ್ರೆ ಎಲೆ ಹಳದಿ, ಬೆಳವಣಿಗೆ ಕುಂಠಿತ, ತೆನೆ ಗಿಡ್ಡ. ನಾವು ಗೊಬ್ಬರ ಸಾಲ್ದು ಅಂತ ಇನ್ನೊಂದು ಮೂಟೆ ಸುರೀತೀವಿ. ಗಿಡ ಕಿತ್ತು ಬೇರು ತೊಳೆದು ನೋಡಿದ್ರೆ ವಿಷಯ ಗೊತ್ತಾಗುತ್ತೆ. ಸಣ್ಣ ಬೇರುಗಳೇ ಇರಲ್ಲ, ಉಳಿದವುಗಳ ಮೇಲೆ ಕಂದು, ಕಪ್ಪು ಮಚ್ಚೆ. ಬೇರಲ್ಲಿ ಗಂಟುಗಳಿದ್ರೆ ಅದು ಗಂಟುಬೇರು ಜಂತು, ಅದೂ ಕನಕಾಂಬರಕ್ಕೆ ಬರುತ್ತೆ.

ಇಲ್ಲಿದೆ ನೋಡಿ ಗುಟ್ಟು. ಈ ಜಂತುಹುಳು ತಾನಾಗಿ ನಡೆಯೋದು ತೀರಾ ಕಡಿಮೆ ದೂರ. ಹೊಲದಿಂದ ಹೊಲಕ್ಕೆ ಅದನ್ನ ಸಾಗಿಸೋದು ನಾವೇ, ಬೇರಿಗೆ ಅಂಟಿದ ಮಣ್ಣಲ್ಲಿ, ಗುದ್ದಲಿಯಲ್ಲಿ, ಹರಿದು ಬಂದ ನೀರಲ್ಲಿ. ಹಳೇ ಮಡಿಯ ಬುಡ ಸೀಳಿ, ಬೇರು ಸಮೇತ ಚೀಲಕ್ಕೆ ತುಂಬಿ ತಂದ್ರೆ ಗಿಡದ ಜೊತೆ ರೋಗಕ್ಕೂ ಟಿಕೆಟ್ ತೆಗೆದಂತೆ.

ಇಂಥದ್ದು ನಮಗೆ ಹೊಸದೇನಲ್ಲ

ನಂಜನಗೂಡು ರಸಬಾಳೆ ನೆನೆಸ್ಕೊಳ್ಳಿ. ಅಷ್ಟು ಹೆಸರು ಮಾಡಿದ ಹಣ್ಣು. ಅದೂ ಬೀಜ ಇಲ್ಲದ್ದು, ಕಂದಿನಿಂದ ಕಂದಿಗೆ ಹೋಗೋದು. ಪನಾಮಾ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಹೋಯ್ತು. ಆ ರೋಗವೂ ಫ್ಯುಸೇರಿಯಂ ಕುಲದ್ದೇ. ಮಧ್ಯ ಅಮೆರಿಕದಲ್ಲಿ ಗ್ರೋ ಮಿಶೆಲ್ ಅನ್ನೋ ಬಾಳೆಗೂ ಇದೇ ಗತಿ ಆಗಿ, 1960ರ ಹೊತ್ತಿಗೆ ವ್ಯಾಪಾರದ ತೋಟಗಳು ತಳಿಯನ್ನೇ ಬದಲಾಯಿಸಬೇಕಾಯ್ತು. ಒಂದೇ ಗಿಡದ ತುಂಡುಗಳಿಂದ ದೇಶ ತುಂಬಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಇಷ್ಟು ಸಾಕು.

ಹಾಗಾದ್ರೆ ಡೆಲ್ಲಿ ಬಿಡ್ಬೇಕಾ? ಬೇಡ. ಹೊಟ್ಟೆಪಾಡು ಅದರ ಮೇಲಿದೆ. ತರೋ ರೀತಿ ಬದಲಾಯಿಸಿದ್ರೆ ಸಾಕು.

ಮಾಡಬೇಕಾದ್ದು ಇಷ್ಟು

1. ಬೇರಿನ ಗಿಡ ತರಬೇಡಿ, ಕಡ್ಡಿ ತನ್ನಿ. ಆರೋಗ್ಯವಾದ ಗಿಡದ ತುದಿಯಿಂದ, ನೆಲಕ್ಕೆ ತಾಗದ ರೆಂಬೆಯಲ್ಲಿ, ನಾಲ್ಕೈದು ಅಂಗುಲ ಕತ್ತರಿಸಿ. ಜಂತು ಇರೋದು ಬೇರಲ್ಲಿ, ತುದಿಯಲ್ಲಲ್ಲ. ಸೊರಗಿದ ಮಡಿಯಲ್ಲಿ ಚೆನ್ನಾಗಿ ಕಾಣೋ ಗಿಡದಿಂದಲೂ ಬೇಡ, ಶಿಲೀಂಧ್ರ ಕಾಂಡದಲ್ಲಿ ಇರಬಹುದು.

2. ಕೆಳಗಿನ ಎಲೆ ತೆಗೆದು ತೊಳೆದ ಮರಳು ಇಲ್ಲವೇ ತೆಂಗಿನ ನಾರಿನ ಪುಡಿಯಲ್ಲಿ ನೆಡಿ. ಹಳೇ ಮಡಿಯ ಮಣ್ಣು ಸೇರಿಸಬೇಡಿ. ನೆರಳು, ತೇವ ಇದ್ರೆ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತೆ.

3. ಕನಕಾಂಬರ ಸತ್ತ ಜಾಗಕ್ಕೆ ತಕ್ಷಣ ಕನಕಾಂಬರ ಬೇಡ. ಮಧ್ಯೆ ಒಂದು ಬೆಳೆ ಚೆಂಡು ಹೂವು ಹಾಕಿ. ಅದರ ಬೇರಿನ ರಸ ಈ ಜಂತುವಿಗೆ ಆಗಲ್ಲ, ಹೂ ಮಾರಿದ ದುಡ್ಡೂ ಕೈಗೆ ಬರುತ್ತೆ. ಏಪ್ರಿಲ್, ಮೇ ಬಿಸಿಲಲ್ಲಿ ನೆಲ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ನಾಲ್ಕರಿಂದ ಆರು ವಾರ ಹೊದಿಸಿದ್ರೂ ಒಳ್ಳೆಯದು.

4. ನಾಟಿಗೆ ಮೊದಲು ಎಕರೆಗೆ 400 ಕೆಜಿ ಬೇವಿನ ಹಿಂಡಿ, ಟ್ರೈಕೊಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಡಿ. ಡೆಲ್ಲಿಗೆ ಸಾಲಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂಕಾಲು ಅಡಿ ಇರಲಿ. ನೀರು ನಿಲ್ಲಬಾರದು.

5. ದಿನ ಬಿಟ್ಟು ದಿನ ಬೆಳಗಿನ ಜಾವ ಹೂ ಬಿಡಿಸಿ. ಹೂ ಮುಗಿದ ತೆನೆ ಕತ್ತರಿಸಿ, ಪಕ್ಕದ ಚಿಗುರು ಬೇಗ ಏಳುತ್ತೆ. ಗೊಬ್ಬರ ಕೊಟ್ಟೂ ಎಳೆ ಎಲೆ ಬಿಳಿಚಿ, ನರ ಮಾತ್ರ ಹಸಿರು ಉಳಿದಿದ್ರೆ ಅದು ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಿ.

ಕೊನೆಗೆ ನಾಟಿ ಬೀಜದ ಮಾತು

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಶುರುವಾಯ್ತು. ಅಲ್ಲಿಂದ ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯಾ, ಅರ್ಕಾ ಶ್ರಾವ್ಯ, ಅರ್ಕಾ ಚೆನ್ನ ಅಂತ ಕನಕಾಂಬರ ತಳಿಗಳು ಬಂದಿವೆ. ಒಂದೇ ಡೆಲ್ಲಿಗೆ ಜೋತು ಬೀಳೋ ಬದಲು ಎರಡು ಮೂರು ತಳಿ ಹಂಚಿ ಹಾಕೋದು ಬುದ್ಧಿವಂತಿಕೆ. ಆದ್ರೆ ಹೊಸ ತಳಿ ಮಾಡೋಕೆ ವಿಜ್ಞಾನಿಗೂ ಬೇಕಾಗೋದು ಬೀಜ ಕಟ್ಟೋ, ಒಂದರಂತೆ ಒಂದಿಲ್ಲದ ಗಿಡಗಳೇ. ಅವು ಇರೋದು ಹಿತ್ತಲಲ್ಲಿ, ಬೇಲಿ ಸಾಲಲ್ಲಿ, ಗುಡಿಯ ಹಿಂದೆ. ಸೈಟ್ ಮಾಡೋ ಜೆಸಿಬಿಗೆ ಮೊದಲು ಸಿಗೋದೂ ಅವೇ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮನೆ ಹತ್ತಿರ ನಾಟಿ ಕನಕಾಂಬರ ಇದ್ರೆ, ಕಿತ್ತಳೆಯೋ ಹಳದಿಯೋ, ಕೀಳೋಕೆ ಮುಂಚೆ ತೆನೆ ಕೊಯ್ದು ಇಡಿ. ಪೂರ್ತಿ ಒಣಗೋ ಸ್ವಲ್ಪ ಮೊದಲೇ ಕೊಯ್ದು, ನೀರು ತಾಗದಂತೆ, ತೆಳು ಬಟ್ಟೆ ಕಟ್ಟಿದ ಡಬ್ಬಿಯಲ್ಲಿಡಿ, ಸಿಡಿದ್ರೂ ಬೀಜ ಒಳಗೇ ಉಳಿಯುತ್ತೆ. ಮಳೆಗಾಲಕ್ಕೆ ಒಂದು ಸಣ್ಣ ಪಾತಿಯಲ್ಲಿ ಬಿತ್ತಿ. ಡೆಲ್ಲಿ ಮಡಿ ಪಕ್ಕ ಒಂದೇ ಸಾಲು ಇದ್ರೂ ಸಾಕು. ಹೆಚ್ಚಾದ್ರೆ ಪಕ್ಕದವರಿಗೆ ಒಂದು ಚಿಟಿಕೆ ಕೊಡಿ. ಒಂದು ಕಾಗದದ ಪೊಟ್ಟಣದಲ್ಲಿ ಹೋಗುತ್ತೆ, ಮಣ್ಣು ಹೋಗಲ್ಲ.