ಡ್ಯಾನ್ಯೂಬ್ ನದಿಯ ಹಡಗು ಪ್ರವಾಸ

ಜರ್ಮನಿಯ ಕಪ್ಪು ಅರಣ್ಯ ಪ್ರದೇಶದಲ್ಲಿ ಹುಟ್ಟಿ, ಸುಮಾರು 2,850 ಕಿ.ಮೀ. ಹರಿದು ಕಪ್ಪು ಸಮುದ್ರವನ್ನು ಸೇರುವ ಡ್ಯಾನ್ಯೂಬ್ ಹತ್ತು ದೇಶಗಳನ್ನು ಮುಟ್ಟುತ್ತದೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳು ಇದರ ದಡದಲ್ಲಿವೆ. ಯೂರೋಪಿನಲ್ಲಿ ಹಡಗಿನಲ್ಲೇ ತಂಗಿ ಊರೂರು ನೋಡುವ ಪ್ರವಾಸಕ್ಕೆ ರೈನ್ ಜೊತೆಗೆ ಹೆಚ್ಚು ಹೆಸರಾದ ನದಿ ಇದೇ. ಜರ್ಮನಿಯ ಪಸ್ಸೌದಿಂದ ಹಂಗೆರಿಯ ಬುಡಾಪೆಸ್ಟ್‌ವರೆಗಿನ ಒಂದು ವಾರದ ಯಾನ ಇಲ್ಲಿ ಬಹಳ ಜನಪ್ರಿಯ.

ನದಿ ಹಡಗುಗಳ ಅಳತೆಯನ್ನು ನಿರ್ಧರಿಸುವುದು ಲಾಕ್‌ಗಳು, ಅಂದರೆ ನೀರು ತುಂಬಿ ಇಳಿಸಿ ಹಡಗನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಕಟ್ಟೆಗಳು. 1992ರಲ್ಲಿ ಪೂರ್ಣಗೊಂಡ 171 ಕಿ.ಮೀ. ಉದ್ದದ ರೈನ್–ಮೈನ್–ಡ್ಯಾನ್ಯೂಬ್ ಕಾಲುವೆಯ ಲಾಕ್‌ಗಳು 12 ಮೀಟರ್ ಅಗಲವಿವೆ. ಅದಕ್ಕೆ ತಕ್ಕಂತೆ ಹೆಚ್ಚಿನ ಹಡಗುಗಳನ್ನು 11.4 ಮೀಟರ್ ಅಗಲ, ಗರಿಷ್ಠ 135 ಮೀಟರ್ ಉದ್ದಕ್ಕೆ ಕಟ್ಟುತ್ತಾರೆ. ತಗ್ಗಾದ ಸೇತುವೆಗಳ ಕೆಳಗೆ ಹಾಯಲು ಚಾಲಕನ ಕೋಣೆಯನ್ನೇ ಕೆಳಗಿಳಿಸುವ ಏರ್ಪಾಡು ಇರುತ್ತದೆ.

ಯೋಜನೆಯಲ್ಲಿ ಮೊದಲು ಗಮನಿಸಬೇಕಾದುದು ಹಡಗಿನ ಸೊಗಸಲ್ಲ, ನೀರಿನ ಮಟ್ಟ. ಅಣೆಕಟ್ಟುಗಳಿರುವ ಭಾಗದಲ್ಲಿ ನೀರು ಬಹುಮಟ್ಟಿಗೆ ಹತೋಟಿಯಲ್ಲಿರುತ್ತದೆ. ತಡೆಯಿಲ್ಲದೆ ಹರಿಯುವ ಭಾಗದಲ್ಲಿ ಮಳೆಯೇ ಯಜಮಾನ. ಬವೇರಿಯಾದ ಸ್ಟ್ರೌಬಿಂಗ್–ವಿಲ್ಸ್‌ಹೋಫೆನ್ ನಡುವಿನ ಸುಮಾರು 70 ಕಿ.ಮೀ. ಅಂಥದ್ದು. ಬೇಸಿಗೆಯ ಕೊನೆಗೆ ಅಲ್ಲಿ ನೀರು ಇಳಿದರೆ ಹಡಗು ಮುಂದೆ ಹೋಗಲಾರದು. ಆಗ ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸಿ ಆಚೆ ಕಡೆಯ ಇನ್ನೊಂದು ಹಡಗಿಗೆ ಹತ್ತಿಸುವುದು ರೂಢಿ. ನ್ಯೂರೆಂಬರ್ಗ್ ಅಥವಾ ರೇಗೆನ್ಸ್‌ಬರ್ಗ್‌ನಿಂದ ಹೊರಡುವ ಯಾನಕ್ಕಿಂತ ಪಸ್ಸೌದಿಂದ ಹೊರಡುವುದು ಹೆಚ್ಚು ಭದ್ರವೆನ್ನಲು ಇದೇ ಕಾರಣ. ನೆರೆಯ ಭಯವೂ ಇದ್ದೇ ಇದೆ: 2013ರ ಜೂನ್‌ನಲ್ಲಿ ಪಸ್ಸೌದ ಹಳೆಯ ನಗರಭಾಗ ಮುಳುಗಿತ್ತು. ಮಾರ್ಗ ಬದಲಾದರೆ ಹಣ ಹಿಂದಿರುಗುವುದೇ ಎಂಬುದನ್ನು ಟಿಕೆಟ್ ಕೊಳ್ಳುವ ಮುನ್ನ ಕರಾರಿನಲ್ಲಿ ಓದಿಕೊಳ್ಳಬೇಕು.

ಹಂಗಾಮು ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ. ಕ್ರಿಸ್‌ಮಸ್ ಸಂತೆಗಳಿಗಾಗಿ ನವೆಂಬರ್ ಕೊನೆ ಮತ್ತು ಡಿಸೆಂಬರ್‌ನಲ್ಲೂ ಹಡಗುಗಳು ಓಡುತ್ತವೆ. ಇಡೀ ಮಾರ್ಗದ ಸೊಬಗೆಲ್ಲ ಮಡುಗಟ್ಟಿರುವುದು ಆಸ್ಟ್ರಿಯಾದ ಮೆಲ್ಕ್ ಮತ್ತು ಕ್ರೆಮ್ಸ್ ನಡುವಿನ ವಾಖೌ ಕಣಿವೆಯಲ್ಲಿ. 2000ದಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ 36 ಕಿ.ಮೀ. ಹಾದಿಯ ಇಕ್ಕೆಲದಲ್ಲೂ ಕಲ್ಲುಕಟ್ಟೆಯ ಮೆಟ್ಟಿಲು ದ್ರಾಕ್ಷಿತೋಟಗಳು, ವಸಂತದಲ್ಲಿ ಹೂಬಿಡುವ ಏಪ್ರಿಕಾಟ್ ಮರಗಳು. ಮೆಲ್ಕ್‌ನಲ್ಲಿ ಬಂಡೆಯ ಮೇಲೆ ನಿಂತಿರುವ ಬೆನೆಡಿಕ್ಟೈನ್ ಮಠವನ್ನು ವಾಸ್ತುಶಿಲ್ಪಿ ಯಾಕೊಬ್ ಪ್ರಾಂಡ್‌ಟೌವರ್ 18ನೆಯ ಶತಮಾನದ ಆರಂಭದಲ್ಲಿ ಬರೋಕ್ ಶೈಲಿಯಲ್ಲಿ ಮರುನಿರ್ಮಿಸಿದ. ಕ್ರುಸೇಡ್‌ನಿಂದ ಹಿಂದಿರುಗುತ್ತಿದ್ದ ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡ್‌ನನ್ನು 1192ರಲ್ಲಿ ಸೆರೆಹಿಡಿದು ಇಟ್ಟದ್ದು ಇದೇ ಕಣಿವೆಯ ಡ್ಯೂರ್ನ್‌ಸ್ಟೈನ್ ಕೋಟೆಯಲ್ಲಿ. ಹಡಗುಗಳು ಬಹುಪಾಲು ರಾತ್ರಿ ಸಾಗುವುದರಿಂದ, ವೇಳಾಪಟ್ಟಿಯಲ್ಲಿ ವಾಖೌ ಹಗಲಿಗೆ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಕತ್ತಲಲ್ಲಿ ಅದನ್ನು ದಾಟಿಸುವ ಯಾನವನ್ನು ಆರಿಸಬಾರದು. ಬುಡಾಪೆಸ್ಟ್‌ನ ಮಾತು ಬೇರೆ: ದೀಪ ಹೊತ್ತಿದ ಸಂಸತ್ ಭವನ ಮತ್ತು 1849ರ ಸರಪಳಿ ಸೇತುವೆಯನ್ನು ಇರುಳಿನಲ್ಲೇ ನೋಡಬೇಕು.

ಹಡಗಿನ ಕೆಳ ಅಂತಸ್ತಿನ ಕೋಣೆಗಳಲ್ಲಿ ಕಿಟಕಿ ಸೂರಿನ ಹತ್ತಿರವಿದ್ದು ತೆರೆಯುವುದಿಲ್ಲ, ಬೆಲೆಯೂ ಕಡಿಮೆ. ದಟ್ಟಣೆಯ ಬಂದರುಗಳಲ್ಲಿ ಹಡಗಿನ ಪಕ್ಕಕ್ಕೇ ಹಡಗು ಕಟ್ಟುವುದರಿಂದ ಮೇಲಂತಸ್ತಿನ ದುಬಾರಿ ಕೋಣೆಗೂ ಒಮ್ಮೊಮ್ಮೆ ಎದುರು ಹಡಗಿನ ಗೋಡೆಯೇ ನೋಟ. ಹಿಂಭಾಗದಲ್ಲಿ ಎಂಜಿನ್ ಸದ್ದು ಹೆಚ್ಚು. ಊಟ ಸಾಮಾನ್ಯವಾಗಿ ದರದಲ್ಲೇ ಸೇರಿರುತ್ತದೆ. ಸಸ್ಯಾಹಾರಿಗಳು ಮುಂಗಡ ಕಾದಿರಿಸುವಾಗಲೇ ತಿಳಿಸುವುದು ಒಳ್ಳೆಯದು.

ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೆರಿ ನಾಲ್ಕಕ್ಕೂ ಒಂದೇ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬುಡಾಪೆಸ್ಟ್ ದಾಟಿ ಬೆಲ್‌ಗ್ರೇಡ್, ಕಬ್ಬಿಣದ ದ್ವಾರ ಎಂಬ ಕಮರಿಯ ಮೂಲಕ ರೊಮೇನಿಯಾ ಕಡೆಗೆ ಹೋಗುವವರಿಗೆ ಬಹುಪ್ರವೇಶದ ವೀಸಾ ಅಗತ್ಯ, ಏಕೆಂದರೆ ಸರ್ಬಿಯಾ ಷೆಂಗೆನ್ ವಲಯದ ಹೊರಗಿದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಸಲ್ಲಿಸಬಹುದು. ತಡವೆಂದರೂ ಪ್ರಯಾಣಕ್ಕೆ ಹದಿನೈದು ದಿನ ಮೊದಲೇ ಸಲ್ಲಿಸಿರಬೇಕು.