ಔಷಧಿಯ ಜೊತೆಗೆ ಒಬ್ಬರು

ಅಫೀಮು ಎಂದರೆ ನಮ್ಮ ಚರಿತ್ರೆಯ ಪಾಠದಲ್ಲಿ ಎರಡು ಯುದ್ಧಗಳು. 1839ರಿಂದ 1842ರವರೆಗೆ ಒಂದು, 1856ರಿಂದ 1860ರವರೆಗೆ ಇನ್ನೊಂದು. ಬಿಹಾರದ ಕಡೆ ಗಸಗಸೆ ಬೆಳೆಸಿ, ಅದರ ಕಾಯಿಯ ಹಾಲಿನಿಂದ ಮಾಡಿದ ಅಫೀಮನ್ನು ಚೀನಾಕ್ಕೆ ಸಾಗಿಸಿ ಇಂಗ್ಲಿಷರು ಹಣ ಮಾಡಿದ ಕಥೆಯನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಯಾರು ಗೆದ್ದರು, ಯಾವ ಬಂದರು ಯಾರ ಪಾಲಾಯಿತು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಅದರ ಚಟ ಬಿಡಲಾರದೆ ಹೋದವರ ಗತಿ ಏನಾಯಿತು, ಅವರ ಕೈ ಹಿಡಿದವರು ಯಾರು ಎಂಬುದು ಪಠ್ಯಪುಸ್ತಕದಲ್ಲಿಲ್ಲ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯದಲ್ಲಿ ಇಬ್ಬರು ಹೆಂಗಸರಿದ್ದಾರೆ.

ಅದು ನಡೆದದ್ದು ಅಮೆರಿಕದಲ್ಲಿ. ಅಫೀಮಿನಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್ ಬಂದಿದ್ದವು. 1914ರಲ್ಲಿ ಅಲ್ಲಿ ಹ್ಯಾರಿಸನ್ ಕಾನೂನು ಬಂತು. ಚಟದವನಿಗೆ ಚಟ ತಣಿಸಲು ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ ಅದು ಚಿಕಿತ್ಸೆಯೇ ಅಲ್ಲ ಎಂದು 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ರೋಗ ಅಪರಾಧವಾಯಿತು. ವೈದ್ಯರು ಹೆದರಿ ಹಿಂದೆ ಸರಿದರು.

ಮೇರಿ ನೈಸ್ವಾಂಡರ್ ಎಂಬ ವೈದ್ಯೆಗೆ ನೌಕಾಪಡೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಆಸೆಯಿತ್ತು. ಹೆಂಗಸೆಂದು ಆ ಬಾಗಿಲು ತೆರೆಯಲಿಲ್ಲ. 1945ರಲ್ಲಿ ಅವರನ್ನು ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಕಳಿಸಿದರು. ಅಲ್ಲಿದ್ದದ್ದು ಅರ್ಧ ಆಸ್ಪತ್ರೆ, ಅರ್ಧ ಜೈಲು. ಚಟ ಬಿಡಿಸಿ ಮನೆಗೆ ಕಳಿಸಿದವರಲ್ಲಿ ಬಹುಪಾಲು ಮಂದಿ ಮತ್ತೆ ಅದಕ್ಕೇ ಬೀಳುತ್ತಿದ್ದರು. ಬೈಗುಳ, ಬುದ್ಧಿವಾದ, ಸೆರೆಮನೆ ಯಾವುದೂ ನಾಟುತ್ತಿರಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ಇಂಥವರ ನಡುವೆಯೇ ಕೆಲಸ ಮಾಡಿ, ವ್ಯಸನಿಯನ್ನು ರೋಗಿಯೆಂದು ಕಾಣಬೇಕೆಂದು 1956ರಲ್ಲಿ ಅವರು ಒಂದು ಪುಸ್ತಕ ಬರೆದರು.

ಆ ಪುಸ್ತಕವನ್ನು ಓದಿದವರಲ್ಲಿ ರಾಕ್‌ಫೆಲರ್ ಸಂಸ್ಥೆಯ ಡಾ. ವಿನ್ಸೆಂಟ್ ಡೋಲ್ ಒಬ್ಬರು. ಅವರು ನೈಸ್ವಾಂಡರ್‌ರನ್ನು ಕರೆಸಿಕೊಂಡರು. 1964ರಲ್ಲಿ ಮೇರಿ ಜೀನ್ ಕ್ರೀಕ್ ಎಂಬ ಎಳೆಯ ವೈದ್ಯೆಯೂ ಸೇರಿದರು. ಮೊದಲು ಇಬ್ಬರು ರೋಗಿಗಳಿಗೆ ಮಾರ್ಫಿನ್ನನ್ನೇ ಕೊಟ್ಟು ನೋಡಿದರು. ಅವರು ಟಿ.ವಿ. ಮುಂದೆ ತೂಕಡಿಸುತ್ತ, ಮುಂದಿನ ಸೂಜಿ ಯಾವಾಗ ಎಂದು ಕೇಳುತ್ತ ಕೂತರು. ಆಮೇಲೆ ಮೆಥಡೋನ್ ಕೊಟ್ಟರು. ಹೆರಾಯಿನ್ನಿನ ಅಮಲು ಕೆಲವೇ ಗಂಟೆಗಳಲ್ಲಿ ಇಳಿದು ಮೈಕೈ ನೋವು, ಬೇಧಿ, ಬೆವರು ಶುರುವಾಗುತ್ತದೆ. ಮೆಥಡೋನ್ ಬಾಯಿಯಿಂದ ತೆಗೆದುಕೊಳ್ಳುವ ಔಷಧಿ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಒಂದು ಇಡೀ ದಿನ ಅಮಲಿಲ್ಲದೆ ಮೈಯನ್ನು ಸಮಸ್ಥಿತಿಯಲ್ಲಿ ಇಡುತ್ತದೆ. ಕೆಲವೇ ವಾರಗಳಲ್ಲಿ ಒಬ್ಬ ಚಿತ್ರ ಬಿಡಿಸತೊಡಗಿದ. ಇನ್ನೊಬ್ಬ ನಿಂತುಹೋದ ಶಾಲೆಯ ಓದನ್ನು ಮುಗಿಸುತ್ತೇನೆಂದ. ಮೇಷ್ಟ್ರಮ್ಮನಾದ ನನಗೆ ಈ ಕಥೆಯಲ್ಲಿ ಅತಿ ಹಿಡಿಸಿದ ಮಾತು ಇದೇ.

1965ರಲ್ಲಿ 22 ರೋಗಿಗಳ ವರದಿ ಪ್ರಕಟವಾಯಿತು. ಅದರಲ್ಲಿ ಔಷಧಿಯೊಂದರ ಮಾತೇ ಇರಲಿಲ್ಲ. ಕೆಲಸ ಹುಡುಕಿಕೊಡುವುದು, ಓದಿಗೆ ಕಳಿಸುವುದು, ಮನೆಯವರೊಂದಿಗೆ ರಾಜಿ ಮಾಡಿಸುವುದು ಎಲ್ಲವೂ ಚಿಕಿತ್ಸೆಯ ಭಾಗವಾಗಿದ್ದವು. ಚೇತರಿಸಿಕೊಂಡವರನ್ನೇ ಹೊಸಬರ ನೆರವಿಗೆ ನೇಮಿಸಿದರು. ತಾನು ಬಿದ್ದ ಹಳ್ಳವನ್ನು ಬಲ್ಲವನು ಇನ್ನೊಬ್ಬನ ಕೈ ಹಿಡಿಯುವುದು ಸುಲಭ ತಾನೇ?

ಆದರೂ ಹಳೆಯ ಮಾತು ಹೋಗಲಿಲ್ಲ: ಒಂದು ಚಟ ಬಿಟ್ಟು ಇನ್ನೊಂದಕ್ಕೆ ಬಿದ್ದ. 1972ರ ನಿಯಮಗಳ ಪ್ರಕಾರ ಬೇರೆಯೇ ಕೇಂದ್ರಗಳಲ್ಲಿ, ಹೆಚ್ಚಿನವರು ದಿನವೂ ಸಾಲಿನಲ್ಲಿ ನಿಂತು ಔಷಧಿ ಕುಡಿಯಬೇಕಾಯಿತು. ರೋಗಿಗಳು ಅದನ್ನು ನೀರಿನ ಕೈಕೋಳ ಎಂದು ಕರೆದರು. ಚಟ ಬಿಟ್ಟವರ ಎಷ್ಟೋ ಕೂಟಗಳಲ್ಲಿ ಔಷಧಿಯಲ್ಲಿದ್ದವನನ್ನು ಬಿಟ್ಟವನೆಂದು ಒಪ್ಪಲಿಲ್ಲ.

ಈ ಮಾತು ನಮ್ಮ ಬೀದಿಗೂ ಬಂದಿದೆ. ನಾಲಿಗೆಯ ಕೆಳಗಿಟ್ಟು ಕರಗಿಸುವ ಬ್ಯುಪ್ರೆನಾರ್ಫಿನ್ ಮಾತ್ರೆ ನಮ್ಮ ದೇಶದಲ್ಲಿ 1990ರ ದಶಕದಿಂದಲೇ ಚಿಕಿತ್ಸೆಯಲ್ಲಿದೆ. ಮೆಥಡೋನ್ ಬಂದದ್ದು 2012ರಲ್ಲಿ. ನಮ್ಮ ನಿಮ್ಹಾನ್ಸ್‌ನಲ್ಲಿಯೂ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ನಮ್ಮ ಪಕ್ಕದ ಬೀದಿಯ ತಾಯಿಯೊಬ್ಬರ ಮಗ ಆ ಮಾತ್ರೆಯಲ್ಲಿದ್ದಾನೆ, ಕೆಲಸಕ್ಕೂ ಹೋಗುತ್ತಾನೆ. ನಾಮಕರಣವೊಂದರಲ್ಲಿ ಅವರ ನಾದಿನಿ ಎಲ್ಲರೆದುರು, "ಇನ್ನೂ ಮಾತ್ರೆ ನುಂಗ್ತಾನಾ? ಗಂಡಸಾದವನು ಮನಸ್ಸು ಗಟ್ಟಿ ಮಾಡ್ಕೋಬೇಕಪ್ಪಾ" ಎಂದರು. ಆ ನಾದಿನಿ ಹದಿನೈದು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಅದನ್ನು ಯಾರೂ ಲೆಕ್ಕ ಕೇಳಿಲ್ಲ. ತಾಯಿ ಸಂಜೆ ನನ್ನಲ್ಲಿಗೆ ಬಂದು, "ಟೀಚರೇ, ನಿಲ್ಲಿಸಿಬಿಡು ಅಂತ ಹೇಳಿಬಿಡ್ಲಾ?" ಎಂದು ಕೇಳಿದರು.

ಬೇಡ ಎಂದೆ. ಇದು ಬರೀ ಮಾನ ಅಪಮಾನದ ಪ್ರಶ್ನೆಯಲ್ಲ. ಬಿಟ್ಟ ಮೇಲೆ ಮೈಯ ತಡೆಯುವ ಶಕ್ತಿ ಇಳಿದಿರುತ್ತದೆ. ಒಂದು ದಿನ ಕಾಲು ಜಾರಿ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಈ ಔಷಧಿಯಲ್ಲಿ ಇರುವವರಿಗಿಂತ ಬಿಟ್ಟವರಲ್ಲಿ ಸಾವು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಯಾವಾಗ ಕಡಿಮೆ ಮಾಡಬೇಕು, ಮಾಡಬೇಕೇ ಬೇಡವೇ ಎಂಬುದು ಅವನೂ ವೈದ್ಯರೂ ಕೂತು ತೀರ್ಮಾನಿಸುವ ವಿಷಯ. ನೆಂಟರದ್ದಲ್ಲ. ಮನೆಯವರು ಮಾಡಬೇಕಾದ್ದು ಬೇರೆಯೇ ಇದೆ. ಆಸ್ಪತ್ರೆಯ ದಿನ ನೆನಪಿಸಿ ಜೊತೆಗೆ ಹೋಗುವುದು, ಮಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡುವುದು, ಹೊತ್ತಿಗೆ ಊಟಕ್ಕೆ ಕೂರಿಸಿ ದಿನದ ಕೆಲಸ ಹೇಗಾಯಿತು ಎಂದು ಕೇಳುವುದು. ಕಾಲು ಜಾರಿದ ದಿನ ಮುಚ್ಚಿಡದೆ ಹೇಳುವಷ್ಟು ಧೈರ್ಯ ಅವನಿಗೆ ಇರುವಂತೆ ನಡೆದುಕೊಳ್ಳುವುದು.

ನೈಸ್ವಾಂಡರ್ 1986ರಲ್ಲಿ ತೀರಿಕೊಂಡರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಔಷಧಿಗಳನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅದನ್ನು ನೋಡಲು ಅವರಿರಲಿಲ್ಲ. ಔಷಧಿ ಪಟ್ಟಿಗೆ ಸೇರಲು ನಲವತ್ತು ವರ್ಷ ಹಿಡಿಯಿತು. ಅದನ್ನು ತೆಗೆದುಕೊಳ್ಳುವವನನ್ನು ನಾಮಕರಣದ ಪಂಕ್ತಿಯಲ್ಲಿ ಎಲ್ಲರಂತೆ ಕೂರಿಸಲು ಯಾವ ಪಟ್ಟಿಯೂ ಬೇಕಿಲ್ಲ. ಅದು ನಮ್ಮ ಕೈಯಲ್ಲೇ ಇದೆ.