ಹಳೆಯ ಟ್ರ್ಯಾಕ್ಟರಿನ ಹಿಂಗಾಲಿ: ಅಳತೆಗಳ ಕಥೆ

ಟ್ರ್ಯಾಕ್ಟರಿಗೆ ಗಾಳಿ ತುಂಬಿದ ಟೈರು ಬಂದದ್ದು 1930ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ. ಅದಕ್ಕೂ ಮೊದಲು ಕಬ್ಬಿಣದ ಹಲ್ಲಿನ ಚಕ್ರವೇ ನೆಲ ಕಚ್ಚುತ್ತಿತ್ತು. ಕೆಸರುಗದ್ದೆಗೆ ಇಂದಿಗೂ ಬೇಕಾಗುವ ಪಂಜರದ ಚಕ್ರ ಅದರ ನೆನಪನ್ನು ಉಳಿಸಿದೆ.

ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಝೆಟರ್ ಟ್ರ್ಯಾಕ್ಟರ್ ಕಂಪನಿಯ ಸಹಯೋಗದಿಂದ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ತಯಾರಿಸತೊಡಗಿತು. ಆ ಪೀಳಿಗೆಯ ಯಂತ್ರಗಳಿಗೆ ಟೈರು ಹುಡುಕುವವರಿಗೆ ದೊಡ್ಡ ತಲೆನೋವು ಅಂಕಿಯದೇ. ಯಂತ್ರದ ಹಳೆಯ ಕೈಪಿಡಿಯಲ್ಲಿ 11-28 ಎಂದಿದ್ದರೆ ಈಗ ಕೊಳ್ಳಬೇಕಾದದ್ದು 12.4-28, 10-28 ಇದ್ದಲ್ಲಿ 11.2-28. ಅಗಲವಾದ ರಿಮ್ ಬಳಕೆಗೆ ಬಂದ ಮೇಲೆ ಅದೇ ಟೈರು ಹೆಚ್ಚು ಹರಡಿ ಕುಳಿತಿತು, ಅಳತೆಯ ಹೆಸರೂ ಬದಲಾಯಿತು. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ.

ರಿಮ್ ಉಳಿಸಿಕೊಂಡು ಟೈರನ್ನು ಒಂದು ಅಳತೆ ಹಿಗ್ಗಿಸುವುದು ರೂಢಿ. ಆಗ ಎತ್ತರವೂ ಹೆಚ್ಚಿ ಗೇರಿನ ವೇಗ ತುಸು ಏರುತ್ತದೆ, ಎಳೆಯುವ ಬಲ ಅಷ್ಟೇ ಇಳಿಯುತ್ತದೆ. ಮಡ್‌ಗಾರ್ಡಿಗೆ ತಗುಲುವ ಅಪಾಯವೂ ಉಂಟು. ಕಿರಿದಾದ ರಿಮ್ಮಿಗೆ ಅಗಲ ಟೈರು ಹಾಕಿದರೆ ನಡುಭಾಗ ಉಬ್ಬಿ ಬೇಗ ಸವೆಯುತ್ತದೆ. ರಿಮ್ ಬದಲಿಸದೆ ಉಳಿಸಿದ ದುಡ್ಡು ಅಲ್ಲೇ ಕರಗಿತು. ಹಿಂದಿನ ಎರಡೂ ಟೈರು ಒಂದೇ ಅಳತೆಯವೇ ಆಗಿರಬೇಕು. ಇಲ್ಲದಿದ್ದರೆ ನೇರ ಓಟದಲ್ಲೂ ಡಿಫರೆನ್ಷಿಯಲ್ಲಿಗೆ ಬಿಡುವಿರದು. ಟೈರಿಗೆ ನೀರು ತುಂಬಿ ಭಾರ ಹೆಚ್ಚಿಸಿದರೆ ಉಳುಮೆಯಲ್ಲಿ ಚಕ್ರ ಜಾರುವುದು ತಗ್ಗುತ್ತದೆ.